1914ಕ್ಕೆ ಮೊದಲು ಬ್ರಿಟಿಷ್ ಸೇನೆ ಯಾರದಾಗಿತ್ತು: ಅರಸನದೋ, ಪಾರ್ಲಿಮೆಂಟಿನದೋ?

ಹಳೇಪೇಟೆ ಓದುಗ

ಮೊದಲ ಮಹಾಯುದ್ಧದ ಹಿನ್ನೆಲೆಯ ಮಾತು ಬಂದಾಗಲೆಲ್ಲ, ಜರ್ಮನಿಯ ಕೈಸರ್ ತನ್ನ ಸೇನೆಗೆ ನಿಜವಾದ ಒಡೆಯನಾಗಿದ್ದ, ಇಂಗ್ಲೆಂಡಿನ ಅರಸ ಪದಕ ತೊಟ್ಟು ಕವಾಯತು ನೋಡುವುದಕ್ಕಷ್ಟೇ ಇದ್ದ ಎಂಬ ಹೋಲಿಕೆ ಕೇಳಿಬರುತ್ತದೆ. ಇದು ಅರ್ಧ ಮಾತ್ರ ನಿಜವೆಂದು ನನಗೆ ತೋರುತ್ತದೆ. ಉಳಿದರ್ಧವನ್ನು ಇಲ್ಲಿ ಚರ್ಚಿಸಬಹುದೆಂದು ಈ ವಿಷಯವನ್ನು ಎತ್ತುತ್ತಿದ್ದೇನೆ.

ಕಾನೂನಿನಿಂದ ಆರಂಭಿಸೋಣ. ಶಾಂತಿಯ ಕಾಲದಲ್ಲಿ ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಸೇನೆಯನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರವೆಂದು 1689ರ ಹಕ್ಕುಗಳ ಮಸೂದೆ ಸಾರಿತು. ಅಂದಿನಿಂದ ಸೇನೆಯ ಶಿಸ್ತಿಗೆ ಆಧಾರವಾದ ಕಾಯಿದೆಯನ್ನು ಪಾರ್ಲಿಮೆಂಟು ವರ್ಷವರ್ಷವೂ ಹೊಸದಾಗಿ ಅಂಗೀಕರಿಸಬೇಕಾಯಿತು; ಮೊದಲು ಅದು ದಂಗೆ ಕಾಯಿದೆ, 1881ರಿಂದ ಈಚೆಗೆ ಸೇನಾ ಕಾಯಿದೆ. ಒಂದು ವರ್ಷ ಆ ಕಾಯಿದೆ ತಪ್ಪಿದರೆ ಸಿಪಾಯಿಯನ್ನು ಕೋರ್ಟ್ ಮಾರ್ಷಲ್ ಮಾಡುವ ಅಧಿಕಾರವೇ ಯಾರಿಗೂ ಉಳಿಯುತ್ತಿರಲಿಲ್ಲ. ಆದರೆ ಅದೇ ಸಿಪಾಯಿ ಸೇರುವಾಗ ತೆಗೆದುಕೊಳ್ಳುತ್ತಿದ್ದ ಪ್ರಮಾಣ ಪಾರ್ಲಿಮೆಂಟಿಗಲ್ಲ, ಅರಸನಿಗೆ ಮತ್ತು ಅವನ ವಾರಸುದಾರರಿಗೆ. ಅಧಿಕಾರಿಯ ನೇಮಕಪತ್ರ ಹೊರಡುತ್ತಿದ್ದುದೂ ಅರಸನ ಹೆಸರಿನಲ್ಲಿಯೇ. ಹಣ ಪಾರ್ಲಿಮೆಂಟಿನದು, ಆಣೆ ಅರಸನದು.

ಈ ಇಬ್ಬಗೆಯ ವ್ಯವಸ್ಥೆ ಇನ್ನೂರು ವರ್ಷ ಹೇಗೋ ನಡೆಯಿತು. ಏಕೆಂದರೆ ಅರಸ ಒಂದು ಹೇಳಿ ಮಂತ್ರಿಮಂಡಲ ಇನ್ನೊಂದು ಹೇಳುವಂಥ ಸನ್ನಿವೇಶದಲ್ಲಿ ಸೈನಿಕ ಯಾರ ಮಾತು ಕೇಳಬೇಕೆಂಬುದನ್ನು ಬಾಯಿಬಿಟ್ಟು ಕೇಳುವ ಪ್ರಮೇಯವೇ ಬರಲಿಲ್ಲ. ಯುದ್ಧಕ್ಕೆ ಐದು ತಿಂಗಳೂ ಇಲ್ಲದಿರುವಾಗ, 1914ರ ಮಾರ್ಚಿನಲ್ಲಿ, ಐರ್ಲೆಂಡಿನ ಕರ್ರಾ ಶಿಬಿರದಲ್ಲಿ ಅದನ್ನು ಕೇಳುವ ಹೊತ್ತು ಬಂತು. ಅಲ್ಲಿಗೆ ಬಂದು ಮುಟ್ಟಿದ ದಾರಿ ಯಾವುದೆಂಬುದು ನನ್ನ ಕುತೂಹಲ. ವಿಕ್ಟೋರಿಯಾ ರಾಣಿಯ ಕಾಲದ ವಿಷಯ ಬಲ್ಲವರು ಮೊದಲು ಬರೆದರೆ ಒಳ್ಳೆಯದು.

ನೇತ್ರಾವತಿ ತೀರ

ವಿಕ್ಟೋರಿಯಾಳ ಕಾಲದ ಕತೆಯೆಂದರೆ ಬಹುಮಟ್ಟಿಗೆ ಒಬ್ಬ ಮನುಷ್ಯನ ಕತೆ. ರಾಣಿಯ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳ ಸಾಲಿನಲ್ಲಿ ಬರುವ ಕೇಂಬ್ರಿಜ್‌ನ ಡ್ಯೂಕ್ ಜಾರ್ಜ್, 1856ರಿಂದ 1895ರವರೆಗೆ, ಅಂದರೆ ಮೂವತ್ತೊಂಬತ್ತು ವರ್ಷ, ಸೇನೆಯ ಮುಖ್ಯಸ್ಥನಾಗಿದ್ದ. ಅದಕ್ಕೂ ಮೊದಲು, 1850ರಲ್ಲಿ, ವಯಸ್ಸಾಗಿದ್ದ ಸೇನಾಧಿಪತಿ ವೆಲಿಂಗ್ಟನ್ ತನ್ನ ನಂತರ ಆ ಹುದ್ದೆಯನ್ನು ರಾಣಿಯ ಪತಿ ಆಲ್ಬರ್ಟ್ ವಹಿಸಿಕೊಳ್ಳಲಿ ಎಂದು ಸೂಚಿಸಿದ್ದ. ಆಲ್ಬರ್ಟ್ ಬೇಡವೆಂದ. ಅದು ಅವನ ಜಾಣತನ. ರಾಣಿಯ ಗಂಡ ಸೇನಾಧಿಪತಿಯಾಗಿದ್ದಾಗ ಕ್ರಿಮಿಯಾದಂಥ ಯುದ್ಧದ ಅವ್ಯವಸ್ಥೆ ಬಯಲಾಗಿದ್ದರೆ ಜನರ ಸಿಟ್ಟು ನೇರವಾಗಿ ಅರಮನೆಯ ಬಾಗಿಲಿಗೇ ಹೋಗುತ್ತಿತ್ತು.

ಸೇನಾಧಿಪತಿಯ ಕಚೇರಿ ಹಾರ್ಸ್ ಗಾರ್ಡ್ಸ್ ಎಂಬ ಕಟ್ಟಡದಲ್ಲಿತ್ತು, ಸಚಿವನ ಯುದ್ಧ ಕಚೇರಿ ಬೇರೆ ಕಡೆ. ನೇಮಕ, ಬಡ್ತಿ, ಶಿಸ್ತು ಇವೆಲ್ಲ ಅರಸೊತ್ತಿಗೆಯ ವಿಶೇಷಾಧಿಕಾರಕ್ಕೆ ಸೇರಿದವು, ಸಚಿವನಿಗೆ ಅಲ್ಲಿ ಕೆಲಸವಿಲ್ಲ ಎಂಬುದು ಡ್ಯೂಕನ ಮತ್ತು ರಾಣಿಯ ನಂಬಿಕೆ. ಗ್ಲ್ಯಾಡ್‌ಸ್ಟನ್ ಸರ್ಕಾರದ ಯುದ್ಧ ಸಚಿವ ಕಾರ್ಡ್‌ವೆಲ್ 1870ರಲ್ಲಿ ಈ ಎರಡು ತಲೆಗಳನ್ನು ಒಂದು ಮಾಡಿ, ಸೇನಾಧಿಪತಿ ಸಚಿವನ ಕೈಕೆಳಗಿನವನೆಂದು ವಿಧಿಸಿದ. ಮರುವರ್ಷ ಡ್ಯೂಕ್ ತನ್ನ ಕಚೇರಿಯನ್ನು ಪ್ಯಾಲ್ ಮ್ಯಾಲ್ ಬೀದಿಗೆ ಸಾಗಿಸಬೇಕಾಯಿತು. ಅವನು ಸುಮ್ಮನಿರದೆ ತನ್ನ ಪತ್ರಗಳ ತಲೆಬರಹದಲ್ಲಿ ‘ಹಾರ್ಸ್ ಗಾರ್ಡ್ಸ್, ಪ್ಯಾಲ್ ಮ್ಯಾಲ್’ ಎಂದೇ ಬರೆಸಿದ. ಕಚೇರಿ ಹೋದರೂ ವಿಳಾಸ ಬಿಡಲಿಲ್ಲ.

1871ರಲ್ಲಿಯೇ ಇನ್ನೊಂದು ಪ್ರಸಂಗ ನಡೆಯಿತು, ಈ ಚರ್ಚೆಗೆ ಅದು ಬಹಳ ಮುಖ್ಯ. ಅಧಿಕಾರಿಗಳು ತಮ್ಮ ಹುದ್ದೆಗಳನ್ನು ದುಡ್ಡು ಕೊಟ್ಟು ಕೊಳ್ಳುವ ಪದ್ಧತಿಯನ್ನು ರದ್ದುಪಡಿಸುವ ಮಸೂದೆಯನ್ನು ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆ ತಡೆದಾಗ, ಗ್ಲ್ಯಾಡ್‌ಸ್ಟನ್ ಮಸೂದೆಯ ಗೊಡವೆಯನ್ನೇ ಬಿಟ್ಟು, ಆ ಪದ್ಧತಿ ಮೂಲತಃ ಅರಸೊತ್ತಿಗೆಯ ಅನುಮತಿಯಿಂದ ನಡೆಯುತ್ತಿರುವುದರಿಂದ ಅದೇ ಅಧಿಕಾರದಿಂದ ಅದನ್ನು ನಿಲ್ಲಿಸಬಹುದೆಂದು ವಾದಿಸಿ, ಜುಲೈನಲ್ಲಿ ರಾಣಿಯಿಂದ ರಾಜಾಜ್ಞೆ ಹೊರಡಿಸಿದ. ಜನಪರ ಸುಧಾರಣೆಯೊಂದನ್ನು ಉದಾರವಾದಿ ಪ್ರಧಾನಿಯೊಬ್ಬ ಹಳೆಯ ಅರಸು ಅಧಿಕಾರವನ್ನು ಬಳಸಿ ಜಾರಿಗೆ ತಂದ. ಅರಸನ ಹೆಸರು ಯಾರಿಗೆ ಬೇಕಾದಾಗ ಅವರ ಆಯುಧವಾಗುವುದು 1914ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ.

ಡ್ಯೂಕ್ ಕಡೆಗೂ 1895ರ ಜೂನ್‌ನಲ್ಲಿ ಹೊರನಡೆಯಲು ಒಪ್ಪಿದ. ತನ್ನ ಮಗ ಕನಾಟ್‌ನ ಡ್ಯೂಕನಿಗೆ ಆ ಹುದ್ದೆ ಸಿಗಲೆಂಬುದು ರಾಣಿಯ ಆಸೆಯಾಗಿತ್ತು, ಸಿಗಲಿಲ್ಲ; ವುಲ್ಸ್‌ಲಿ ಬಂದ. ಡ್ಯೂಕನನ್ನು ನಯವಾಗಿ ಒಪ್ಪಿಸಿ ಇಳಿಸಿದ ಯುದ್ಧ ಸಚಿವ ಕ್ಯಾಂಬೆಲ್-ಬ್ಯಾನರ್‌ಮನ್ ಆ ಸುದ್ದಿಯನ್ನು ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಪ್ರಕಟಿಸಿದ ಸಂಜೆಯೇ, ಮದ್ದುಗುಂಡಿನ ದಾಸ್ತಾನು ಸಾಲದೆಂಬ ಆಕ್ಷೇಪದ ಮೇಲೆ ನಡೆದ ಮತದಾನದಲ್ಲಿ ಏಳು ಮತಗಳಿಂದ ಸೋತ, ಸರ್ಕಾರವೂ ಬಿತ್ತು.

ಲೀಡ್ಸ್ ಕನ್ನಡಿಗ

ಮೇಲಿನ ಬರಹಕ್ಕೆ ಮುಂದಿನ ಕೊಂಡಿಯನ್ನು ಸೇರಿಸುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧ ಬ್ರಿಟಿಷ್ ಸೇನೆಯ ಮರ್ಯಾದೆ ಕಳೆಯಿತು. ರೈತರ ಒಂದು ಸಣ್ಣ ಪಡೆಯನ್ನು ಮಣಿಸಲು ಸಾಮ್ರಾಜ್ಯಕ್ಕೆ ಎರಡೂವರೆ ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಆ ಬಳಿಕ ಸೇನೆಯ ಆಡಳಿತವನ್ನು ಹೊಸದಾಗಿ ಕಟ್ಟಲು ನೇಮಕವಾದ ಮೂವರ ಸಮಿತಿಗೆ ಮುಖ್ಯಸ್ಥನಾದವನು ಈಷರ್ ಪ್ರಭು. ಉಳಿದಿಬ್ಬರು ನೌಕಾಪಡೆಯ ಫಿಷರ್ ಮತ್ತು ಸರ್ ಜಾರ್ಜ್ ಕ್ಲಾರ್ಕ್.

ಈಷರ್ ಯಾರು? ಚುನಾಯಿತ ಸಚಿವನಲ್ಲ, ಸೈನಿಕನೂ ಅಲ್ಲ. ವಿಂಡ್ಸರ್ ಕೋಟೆಯ ಉಪಪಾಲಕ, ಏಳನೆಯ ಎಡ್ವರ್ಡನ ಆಪ್ತ, ವಿಕ್ಟೋರಿಯಾಳ ಪತ್ರಗಳ ಸಂಪಾದಕರಲ್ಲಿ ಒಬ್ಬ. 1903ರಲ್ಲಿ ಅರಸನೂ ಪ್ರಧಾನಿಯೂ ಯುದ್ಧ ಸಚಿವನಾಗು ಎಂದಾಗ ಒಲ್ಲೆನೆಂದವನು. ಸಚಿವನಾದರೆ ಪಾರ್ಲಿಮೆಂಟಿಗೆ ಉತ್ತರ ಹೇಳಬೇಕು, ತೆರೆಮರೆಯಲ್ಲಿದ್ದರೆ ಉತ್ತರದ ಹೊಣೆಯಿಲ್ಲದೆ ಕೆಲಸ ಸಾಧಿಸಬಹುದು ಎಂಬುದು ಅವನ ಲೆಕ್ಕಾಚಾರವಾಗಿತ್ತೆಂದು ಅವನ ಮುಂದಿನ ನಡೆಗಳಿಂದ ಊಹಿಸಬಹುದು. 1905ರಿಂದ ಅವನು ಸಾಮ್ರಾಜ್ಯ ರಕ್ಷಣಾ ಸಮಿತಿಯ ಕಾಯಂ ಸದಸ್ಯನೂ ಆದ.

ಇಲ್ಲಿರುವ ವಿಚಿತ್ರವನ್ನು ಗಮನಿಸಬೇಕು. 1904ರಲ್ಲಿ ಈಷರ್ ಸಮಿತಿಯ ಶಿಫಾರಸಿನಂತೆ ಸೇನಾಧಿಪತಿಯ ಹುದ್ದೆಯನ್ನೇ ರದ್ದುಪಡಿಸಿ ಸೇನಾ ಮಂಡಳಿಯನ್ನು ಸ್ಥಾಪಿಸಲಾಯಿತು. ಹುದ್ದೆಯಲ್ಲಿದ್ದ ರಾಬರ್ಟ್ಸ್, ಇಡೀ ದೇಶ ಆರಾಧಿಸುತ್ತಿದ್ದ ಮುದಿ ಯೋಧ, ಇದ್ದಕ್ಕಿದ್ದಂತೆ ಕಚೇರಿ ತೆರವು ಮಾಡಬೇಕಾಯಿತು. ಮೇಲುನೋಟಕ್ಕೆ ಇದು ಅರಸೊತ್ತಿಗೆಯ ಸೋಲು, ಯಾಕೆಂದರೆ ಅರಸನ ಪರವಾಗಿ ಸೇನೆಯನ್ನು ಹಿಡಿದಿದ್ದ ಕೊನೆಯ ಕೈ ಹೋಯಿತು. ಆದರೆ ಅದನ್ನು ಮಾಡಿಸಿದವನೇ ಅರಸನ ಮನುಷ್ಯ. ಜೊತೆಗೆ, ಹೊಸದಾಗಿ ಸೃಷ್ಟಿಯಾದ ಸೇನಾ ಮಹಾ ಪರಿವೀಕ್ಷಕನ ಹುದ್ದೆಗೆ ಬಂದವನು ಅರಸನ ತಮ್ಮ ಕನಾಟ್. ಹಳೆಯ ಹುದ್ದೆಯನ್ನು ಒಬ್ಬನ ಕೈಯಲ್ಲಿಟ್ಟರೆ ಅವನು ಅರಸನಿಗೂ ಅಡ್ಡ, ಸಚಿವನಿಗೂ ಅಡ್ಡ. ಅದನ್ನು ಒಡೆದು ಹಂಚಿದರೆ ಅರಮನೆಯ ಮಾತು ಪ್ರತಿಯೊಂದು ಮೇಜಿಗೂ ತಲುಪುತ್ತದೆ. ಅಧಿಕಾರ ಹೋಗಿ ಪ್ರಭಾವ ಬಂತು ಎಂಬುದು ನನ್ನ ಓದು.

1906ರ ನಂತರ ಯುದ್ಧ ಸಚಿವ ಹಾಲ್ಡೇನ್ ತಂದ ಸುಧಾರಣೆಗಳಲ್ಲಿಯೂ ಇದು ಕಾಣುತ್ತದೆ. ಹಾಲ್ಡೇನ್ ಕಟ್ಟಿದ, ಬಿಡುವಿನ ವೇಳೆಯ ಸ್ವಯಂಸೇವಕ ಸೈನಿಕರ ಟೆರಿಟೋರಿಯಲ್ ಪಡೆ 1908ರ ಏಪ್ರಿಲ್ 1ರಂದು ಅಸ್ತಿತ್ವಕ್ಕೆ ಬಂತು. ಜಿಲ್ಲೆಜಿಲ್ಲೆಯಲ್ಲಿ ಅದನ್ನು ನಡೆಸುವ ಸಂಘಗಳ ತಲೆಯಲ್ಲಿ ಅರಸನ ಪ್ರತಿನಿಧಿಗಳಾದ ಲಾರ್ಡ್ ಲೆಫ್ಟಿನೆಂಟರನ್ನು ಕೂರಿಸಲಾಯಿತು. ಅವರಲ್ಲಿ ಹೆಚ್ಚಿನವರು ಉದಾರವಾದಿ ಸರ್ಕಾರವನ್ನು ಕಂಡರಾಗದ ಜಮೀನುದಾರರು. ಹಾಲ್ಡೇನ್ ಕರೆದಿದ್ದರೆ ಎಷ್ಟು ಜನ ಬರುತ್ತಿದ್ದರೋ ಹೇಳಲಾಗದು. 1907ರ ಅಕ್ಟೋಬರಿನಲ್ಲಿ ಎಡ್ವರ್ಡ್ ಅವರನ್ನು ಬಕಿಂಗ್‌ಹ್ಯಾಮ್ ಅರಮನೆಗೆ ಕರೆಸಿ, ಇದು ನಿಮ್ಮ ಕರ್ತವ್ಯ ಎಂದು ಸ್ವತಃ ಹೇಳಿದ.

ಸಂಶಯಿ

ಲೀಡ್ಸ್ ಕನ್ನಡಿಗರ ವಾದ ಚೆನ್ನಾಗಿದೆ, ಆದರೆ ಪ್ರಭಾವ ಎಂಬುದು ಬಹಳ ಸಡಿಲವಾದ ಮಾತು. ಎಡ್ವರ್ಡನಿಗೆ ಸೇನೆಯ ಬಗ್ಗೆ ಇದ್ದ ಆಸಕ್ತಿ ಮುಖ್ಯವಾಗಿ ಸಮವಸ್ತ್ರದ ಗುಂಡಿ, ಪದಕದ ರಿಬ್ಬನ್ನು ಇವುಗಳ ಬಗ್ಗೆ. ಅವನು 1902ರಲ್ಲಿ ಸ್ಥಾಪಿಸಿದ ಆರ್ಡರ್ ಆಫ್ ಮೆರಿಟ್ ಗೌರವವನ್ನು ಮೊದಲು ಪಡೆದವರಲ್ಲಿ ರಾಬರ್ಟ್ಸ್, ವುಲ್ಸ್‌ಲಿ, ಕಿಚನರ್ ಇದ್ದರು ಎಂಬುದು ನಿಜ. ಅದರಿಂದ ಒಂದು ತುಕಡಿಯಾದರೂ ಇದ್ದಲ್ಲಿಂದ ಕದಲಿತೇ? ಫ್ರಾನ್ಸಿಗೆ ಕಳುಹಿಸಬೇಕಾದ ಪಡೆಯ ಯೋಜನೆಯನ್ನು ರೂಪಿಸಿದವನು ಕಾರ್ಯಾಚರಣೆಗಳ ನಿರ್ದೇಶಕ ಹೆನ್ರಿ ವಿಲ್ಸನ್, ಅದಕ್ಕೆ ಒಪ್ಪಿಗೆ ಕೊಟ್ಟವರು ಸಚಿವರು. ಅರಮನೆಯಿಂದಾಗಿ ನಿಜವಾಗಿಯೂ ಬೇರೆಯಾದ ಒಂದು ಸಂಗತಿಯನ್ನಾದರೂ ತೋರಿಸಿ ಎಂದು ಕೇಳುತ್ತೇನೆ.

ಲೀಡ್ಸ್ ಕನ್ನಡಿಗ

ಯೋಜನೆಯಲ್ಲಿ ಅಲ್ಲ, ವ್ಯಕ್ತಿಗಳಲ್ಲಿ ನೋಡಿ. ಮೇಲಿನ ದರ್ಜೆಯ ನೇಮಕಗಳ ಕಡತ ಅರಸನ ಮುಂದೆ ಹೋಗುತ್ತಿತ್ತು. ಅವನು ಸಾಮಾನ್ಯವಾಗಿ ಸಹಿ ಹಾಕುತ್ತಿದ್ದನಾದರೂ ಕೇಳಿ, ತಿಳಿದು, ಕೆಲವೊಮ್ಮೆ ಆಕ್ಷೇಪಿಸಿ ಹಾಕುತ್ತಿದ್ದ. ಈ ವಾತಾವರಣದಲ್ಲಿ ಬೆಳೆದವನಿಗೆ ಡಗ್ಲಸ್ ಹೇಗ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1905ರ ಜೂನ್‌ನಲ್ಲಿ, ಭಾರತದಲ್ಲಿ ಅಶ್ವದಳದ ಪರಿವೀಕ್ಷಕನಾಗಿದ್ದ ಅವನು ರಜೆಯಲ್ಲಿ ಬಂದಾಗ, ಆಸ್ಕಟ್ ಕುದುರೆ ಜೂಜಿನ ವಾರದಲ್ಲಿ ಅರಸನ ಅತಿಥಿಯಾಗಿ ವಿಂಡ್ಸರ್‌ನಲ್ಲಿ ತಂಗಿದ. ಅಲ್ಲಿ ಅಲೆಕ್ಸಾಂಡ್ರಾ ರಾಣಿಯ ಸಖಿಯಾಗಿದ್ದ ಡೊರೊತಿ ವಿವಿಯನ್‌ಳನ್ನು ಕಂಡು, ಕೆಲವೇ ದಿನಗಳಲ್ಲಿ ಮದುವೆಯ ಮಾತೆತ್ತಿ, ಮರುತಿಂಗಳೇ ಬಕಿಂಗ್‌ಹ್ಯಾಮ್ ಅರಮನೆಯ ಖಾಸಗಿ ಪ್ರಾರ್ಥನಾ ಮಂದಿರದಲ್ಲಿ ಮದುವೆಯಾದ. ಮರುವರ್ಷ ಅವನನ್ನು ಯುದ್ಧ ಕಚೇರಿಗೆ ಕರೆಸಿಕೊಂಡು ಹಾಲ್ಡೇನ್‌ನ ಬಲಗೈಯಾಗಿಸುವುದರಲ್ಲಿ ಈಷರನ ಮತ್ತು ಅರಸನ ಒಲವು ಸಹಾಯ ಮಾಡಿತು. ಹೇಗ್ ಅನರ್ಹನಾಗಿದ್ದನೆಂದು ನಾನು ಹೇಳುತ್ತಿಲ್ಲ, ಶ್ರಮಜೀವಿಯೂ ಸಮರ್ಥನೂ ಆಗಿದ್ದ. ಸಮರ್ಥರಾದ ಹಲವರಲ್ಲಿ ಅರಸನ ಊಟದ ಮೇಜಿನಲ್ಲಿ ಕುಳಿತು ಬಂದವನಿಗೆ ದಾರಿ ಸ್ವಲ್ಪ ಸಲೀಸು, ಅಷ್ಟೇ.

ಐದನೆಯ ಜಾರ್ಜ್ 1910ರಲ್ಲಿ ಪಟ್ಟಕ್ಕೆ ಬಂದಾಗ ಈ ಜಾಲ ಹರಿಯಲಿಲ್ಲ. ಅವನು ಸ್ವಭಾವತಃ ನೌಕಾಪಡೆಯವನು. ಆದರೆ ಅವನ ಖಾಸಗಿ ಕಾರ್ಯದರ್ಶಿ ಸ್ಟ್ಯಾಮ್‌ಫರ್ಡ್‌ಹ್ಯಾಮ್ ತೋಪಖಾನೆಯ ಮಾಜಿ ಅಧಿಕಾರಿ, ಸಹಾಯಕ ಕ್ಲೈವ್ ವಿಗ್ರಮ್ ಭಾರತೀಯ ಸೇನೆಯ ಅಶ್ವದಳದವನು. ಸೇನಾನಾಯಕರು ಸಚಿವರಿಗೆ ಬರೆಯಲಾಗದ್ದನ್ನು ಇವರಿಗೆ ಬರೆಯಬಹುದಿತ್ತು.

ಕಂಟೋನ್ಮೆಂಟಿನ ನೆರೆಯವ

ಇಲ್ಲಿಯವರೆಗಿನ ಮಾತೆಲ್ಲ ಲಂಡನ್ನಿನ ಸುತ್ತಲೇ ಸುತ್ತಿದೆ. ಆಣೆ ಅರಸನದು ಎಂದು ಮೂಲ ಲೇಖಕರು ಬರೆದಿದ್ದಾರಲ್ಲ, ಆ ಆಣೆಯ ಬೆಲೆ ಭಾರತದಲ್ಲಿ ಏನಾಗಿತ್ತು ಎಂಬುದನ್ನು ಸ್ವಲ್ಪ ನೋಡಬೇಕು.

1858ರಲ್ಲಿ ಕಂಪನಿಯ ಆಡಳಿತ ಮುಗಿದು ಸೇನೆ ರಾಣಿಗೆ ವರ್ಗವಾದಾಗ, ಕಂಪನಿಯ ಗೋರಾ ಸಿಪಾಯಿಗಳೇ ಮರುವರ್ಷ ಪ್ರತಿಭಟಿಸಿದರು. ನಾವು ಸೇರಿದ್ದು ಕಂಪನಿಗೆ, ಈಗ ರಾಣಿಗೆ ಸೇರಬೇಕಾದರೆ ಹೊಸದಾಗಿ ಸೇರಿಸಿಕೊಂಡು ಅದರ ಇನಾಮು ಕೊಡಿ ಎಂಬುದು ಅವರ ವಾದ. ನಿಷ್ಠೆಯನ್ನು ಕಡತದಲ್ಲಿ ಒಂದು ಖಾತೆಯಿಂದ ಇನ್ನೊಂದಕ್ಕೆ ಬರೆದುಕೊಳ್ಳಲಾಗದೆಂದು ಮೊದಲು ಹೇಳಿದವರು ಅವರು. ಸಾವಿರಾರು ಜನ ಬಿಡುಗಡೆ ಪಡೆದು ಊರಿಗೆ ಹೋದರು.

ಭಾರತೀಯ ಅಧಿಕಾರಿಯ ಸ್ಥಿತಿ ಇನ್ನೊಂದು ಬಗೆ. ಸುಬೇದಾರ, ಜಮಾದಾರ, ರಿಸಾಲ್ದಾರರ ಪ್ರಮಾಣ ಅರಸನಿಗೆ, ಆದರೆ ಅವರ ನೇಮಕಪತ್ರ ಬರುತ್ತಿದ್ದುದು ವೈಸರಾಯಿಯಿಂದ. ಮೂವತ್ತು ವರ್ಷ ಸೇವೆ ಮಾಡಿದ ಸುಬೇದಾರನೂ ನಿನ್ನೆ ಹಡಗಿಳಿದ ಇಂಗ್ಲಿಷ್ ಹುಡುಗನಿಗೆ, ಅವನ ಕೈಯಲ್ಲಿ ಅರಸನ ಪತ್ರವಿದ್ದ ಕಾರಣಕ್ಕೆ, ಕಿರಿಯನೇ. ಕರ್ಜನ್ ರಾಜಮನೆತನದ ಹುಡುಗರಿಗಾಗಿ ಇಂಪೀರಿಯಲ್ ಕೆಡೆಟ್ ಕೋರ್ ತೆರೆದ. ಅಲ್ಲಿ ತೇರ್ಗಡೆಯಾದವರಿಗೂ ಗೋರಾ ಸಿಪಾಯಿಗಳ ಮೇಲೆ ಆಜ್ಞೆ ನಡೆಸುವ ಅಧಿಕಾರವಿಲ್ಲದ ಒಂದು ವಿಶೇಷ ಪತ್ರವನ್ನಷ್ಟೇ ಕೊಡಲಾಯಿತು. ಅದೇ ಕಾಲಕ್ಕೆ, 1903ರಿಂದ, ಲಂಡನ್ನಿನ ಅರಮನೆಯಲ್ಲಿ ಅರಸನ ಪಕ್ಕ ನಿಲ್ಲಲು ಭಾರತೀಯ ಅಧಿಕಾರಿಗಳನ್ನು ಕರೆಸಿಕೊಳ್ಳಲಾಗುತ್ತಿತ್ತು. 1911ರ ಡಿಸೆಂಬರ್ 12ರ ದಿಲ್ಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ಭಾರತೀಯ ಸೈನಿಕರೂ ವಿಕ್ಟೋರಿಯಾ ಕ್ರಾಸ್‌ಗೆ ಅರ್ಹರೆಂದು ಸಾರಿದ. ಪದಕ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಅರಸನ ನೇಮಕಪತ್ರ ಭಾರತೀಯರಿಗೆ ತೆರೆದುಕೊಂಡದ್ದು ಯುದ್ಧ ಶುರುವಾಗಿ ಮೂರು ವರ್ಷವಾದ ಮೇಲೆ, 1917ರಲ್ಲಿ. ನಮ್ಮ ಕೊಡಗಿನ ಕಾರ್ಯಪ್ಪನವರು ಇಂದೂರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಹೊರಬಂದದ್ದು ಆ ಮೊದಮೊದಲ ತಂಡಗಳಲ್ಲಿ ಒಂದರಿಂದ.

ಮೈಸೂರಿನ ಲ್ಯಾನ್ಸರ್ಸ್ ಪಡೆಯ ಸ್ಥಾನವನ್ನೂ ಹೇಳಿಬಿಡುತ್ತೇನೆ. 1889ರ ಯೋಜನೆಯಂತೆ ಸಂಸ್ಥಾನಗಳು ಸಾಕುತ್ತಿದ್ದ ಇಂಪೀರಿಯಲ್ ಸರ್ವಿಸ್ ಪಡೆಗಳಲ್ಲಿ ಅದೂ ಒಂದು. ಅದು ಮಹಾರಾಜರ ಸೇನೆ, ಬ್ರಿಟಿಷ್ ಅಧಿಕಾರಿಗಳು ತಪಾಸಣೆಗೆ ಮಾತ್ರ. ಯುದ್ಧ ಬಂದಾಗ ಮಹಾರಾಜರು ಅರಸನಿಗೆ ಕೊಡುಗೆಯಾಗಿ ಕಳುಹಿಸಿದರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದವರು ಇವರೇ. ಅರಸನೊಬ್ಬ, ಅವನಿಗೆ ಸೇರಿದ ಸೈನಿಕರು ಮೂರು ತರ.

ಹಳೇಪೇಟೆ ಓದುಗ

ಎಲ್ಲರಿಗೂ ವಂದನೆಗಳು. ಈಗ ಕರ್ರಾ ಪ್ರಸಂಗಕ್ಕೆ ಬರುತ್ತೇನೆ, ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಮಸೂದೆಯನ್ನು ಪ್ರಧಾನಿ ಆಸ್ಕ್ವಿತ್ ಸರ್ಕಾರ 1912ರ ಏಪ್ರಿಲ್‌ನಲ್ಲಿ ಮಂಡಿಸಿತು. ಹಿಂದೆಯಾಗಿದ್ದರೆ ಲಾರ್ಡ್ಸ್ ಸಭೆ ಅದನ್ನು ಕೊಂದುಬಿಡುತ್ತಿತ್ತು. 1911ರ ಪಾರ್ಲಿಮೆಂಟ್ ಕಾಯಿದೆಯ ನಂತರ ಆ ಸಭೆಗೆ ವಿಳಂಬ ಮಾಡುವ ಶಕ್ತಿ ಮಾತ್ರ ಉಳಿಯಿತು. ಉತ್ತರದ ಅಲ್ಸ್ಟರ್‌ನ ಪ್ರಾಟೆಸ್ಟೆಂಟರು 1912ರ ಸೆಪ್ಟೆಂಬರಿನಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು, 1913ರ ಆರಂಭದಲ್ಲಿ ತಮ್ಮದೇ ಸ್ವಯಂಸೇವಕ ಸೈನ್ಯ ಕಟ್ಟಿದರು. ಲಾರ್ಡ್ಸ್ ಸಭೆಯ ತಡೆ ಹೋದ ಮೇಲೆ ಎಲ್ಲರ ಕಣ್ಣು ಅರಸನ ಮೇಲೆ ಬಿತ್ತು. ಮಸೂದೆಗೆ ಅಂಕಿತ ಹಾಕಬೇಡ ಎಂದು ಕೆಲವರು, ಪಾರ್ಲಿಮೆಂಟನ್ನು ವಿಸರ್ಜಿಸು ಎಂದು ಕೆಲವರು. ಜಾರ್ಜ್ 1913ರ ಸೆಪ್ಟೆಂಬರಿನಲ್ಲಿ ಆಸ್ಕ್ವಿತ್‌ಗೆ ಬರೆದ ದೀರ್ಘ ಪತ್ರದಲ್ಲಿ ನೇರವಾಗಿ ಕೇಳಿದ: ಅಲ್ಸ್ಟರ್‌ನಲ್ಲಿ ಗಲಭೆಯಾದರೆ ಸೇನೆಯನ್ನು ಬಳಸುವ ಯೋಚನೆಯಿದೆಯೇ, ಅಂಥ ಒತ್ತಡಕ್ಕೆ ಸೇನೆಯ ಶಿಸ್ತನ್ನೂ ನಿಷ್ಠೆಯನ್ನೂ ಒಡ್ಡುವುದು ಅದರ ಮುಖ್ಯಸ್ಥನಾದ ಅರಸನಿಗೆ ನ್ಯಾಯವೇ ಎಂದು. ಅಂದರೆ ಮಾರ್ಚಿನಲ್ಲಿ ಆಗುವುದನ್ನು ಆರು ತಿಂಗಳು ಮೊದಲೇ ಅವನು ಊಹಿಸಿದ್ದ. ಪ್ರಧಾನಿ ಊಹಿಸಲಿಲ್ಲ, ಅಥವಾ ಊಹಿಸಲು ಇಷ್ಟಪಡಲಿಲ್ಲ.

ಇತ್ತ ವಿರೋಧ ಪಕ್ಷದ ನಾಯಕ ಬೋನರ್ ಲಾ ಇನ್ನೂ ಅಪಾಯದ ಯೋಚನೆಯೊಂದನ್ನು ಮಾಡಿದ. ಮೊದಲ ಬರಹದಲ್ಲಿ ಹೇಳಿದ ಆ ವಾರ್ಷಿಕ ಸೇನಾ ಕಾಯಿದೆಯನ್ನು 1914ರಲ್ಲಿ ಲಾರ್ಡ್ಸ್ ಸಭೆಯಲ್ಲಿ ತಿದ್ದಿ, ಅಲ್ಸ್ಟರ್‌ನಲ್ಲಿ ಸೇನೆಯನ್ನು ಬಳಸದಂತೆ ಮಾಡಬೇಕೆಂಬುದು ಅದು. ಯುರೋಪು ಮದ್ದಿನ ಮನೆಯಂತಿದ್ದ ವರ್ಷದಲ್ಲಿ, ಅರಸನ ಪಕ್ಷಪಾತಿಗಳೆಂದು ಹೇಳಿಕೊಳ್ಳುವವರೇ ಅರಸನ ಸೇನೆಯ ಅಸ್ತಿತ್ವಕ್ಕೆ ಕೈ ಹಾಕಲು ಹೊರಟಿದ್ದರು. ಆ ಯೋಜನೆಯನ್ನು ಕೊನೆಗೆ ಕೈಬಿಟ್ಟರು.

ಮಾರ್ಚಿನಲ್ಲಿ ಅಲ್ಸ್ಟರ್‌ನ ಶಸ್ತ್ರಾಗಾರಗಳ ಮೇಲೆ ದಾಳಿಯಾಗಬಹುದೆಂಬ ಶಂಕೆಯಿಂದ, ಐರ್ಲೆಂಡಿನ ಸೇನಾ ಮುಖ್ಯಸ್ಥ ಸರ್ ಆರ್ಥರ್ ಪ್ಯಾಜೆಟ್‌ನನ್ನು ಲಂಡನ್ನಿಗೆ ಕರೆಸಿ ಬಾಯಿಮಾತಿನ ಸೂಚನೆ ಕೊಡಲಾಯಿತು. ಬರವಣಿಗೆಯಲ್ಲಿ ಕೊಡದಿದ್ದುದು ಮೊದಲ ಪ್ರಮಾದ. ಮಾರ್ಚ್ 20ರ ಬೆಳಿಗ್ಗೆ ಪ್ಯಾಜೆಟ್ ಡಬ್ಲಿನ್ನಿನಲ್ಲಿ ತನ್ನ ಹಿರಿಯ ಅಧಿಕಾರಿಗಳ ಮುಂದೆ, ಅಲ್ಸ್ಟರ್‌ನಲ್ಲಿ ಮನೆಯಿರುವ ಅಧಿಕಾರಿಗಳು ಸದ್ಯಕ್ಕೆ ಕಣ್ಮರೆಯಾಗಬಹುದು, ಉಳಿದವರು ಆಜ್ಞೆಗೆ ಸಿದ್ಧರಿಲ್ಲದಿದ್ದರೆ ವಜಾ ಆಗುತ್ತಾರೆ ಎಂದು ಹೇಳಿಬಿಟ್ಟ. ಆಜ್ಞೆ ಕೊಡುವ ಮೊದಲೇ ಆಯ್ಕೆ ಕೊಟ್ಟ. ಕರ್ರಾದಲ್ಲಿದ್ದ 3ನೆಯ ಅಶ್ವದಳ ಬ್ರಿಗೇಡಿನ ಮುಖ್ಯಸ್ಥ ಹ್ಯೂಬರ್ಟ್ ಗಫ್ ಮತ್ತು 57 ಅಧಿಕಾರಿಗಳು ಉತ್ತರಕ್ಕೆ ಹೋಗುವುದಕ್ಕಿಂತ ವಜಾ ಆಗುವುದೇ ಲೇಸೆಂದರು ಎಂದು ಆ ಸಂಜೆ ಪ್ಯಾಜೆಟ್ ತಾನೇ ತಂತಿ ಕಳುಹಿಸಬೇಕಾಯಿತು.

ಇವರ ಮನಸ್ಸನ್ನು ತಿರುಗಿಸಲು ಅಲ್ಲಿನ ಸೇನಾನಾಯಕರು ಬಳಸಿದ್ದು ಅರಸನ ಹೆಸರನ್ನು. 5ನೆಯ ಡಿವಿಜನ್ನಿನ ಫರ್ಗುಸನ್ ತನ್ನ ತುಕಡಿಗಳನ್ನು ಸುತ್ತಿ, ಅರಸನಿಗೆ ವಿಧೇಯರಾಗಿರುವುದೇ ನಮ್ಮ ಕರ್ತವ್ಯವೆಂದು ತಿಳಿಹೇಳಿದ. ಅರಸನಿಗಾದರೋ ಇದ್ಯಾವುದೂ ಗೊತ್ತಿರಲಿಲ್ಲ. ಮರುದಿನ ಪತ್ರಿಕೆ ಓದಿ ತಿಳಿದುಕೊಂಡು ಆಸ್ಕ್ವಿತ್‌ಗೆ ತನ್ನ ಅಸಮಾಧಾನ ತಿಳಿಸಿದ. ತನ್ನ ಹೆಸರಿನಲ್ಲಿ ಕೊಟ್ಟ ಆಜ್ಞೆಗಳ ಸುದ್ದಿ ತನಗೇ ಕೊನೆಗೆ ಮುಟ್ಟುವುದೆಂದರೇನು?

ಮುಂದಿನದು ಇನ್ನೂ ಅವಮಾನಕರ. ಲಂಡನ್ನಿಗೆ ಬಂದ ಗಫ್ ಬರಹದ ಭರವಸೆ ಕೇಳಿದ. ಮಂತ್ರಿಮಂಡಲ ಒಪ್ಪಿದ ಪತ್ರಕ್ಕೆ ಯುದ್ಧ ಸಚಿವ ಸೀಲಿ ತಾನೇ ಎರಡು ಪ್ಯಾರಾಗಳನ್ನು ಸೇರಿಸಿದ. ಗಫ್ ಅದೂ ಸಾಲದೆಂದು, ಈ ಮಸೂದೆಯನ್ನು ಅಲ್ಸ್ಟರ್ ಮೇಲೆ ಹೇರಲು ಸೇನೆಯನ್ನು ಬಳಸುವುದಿಲ್ಲ ಎಂಬ ತನ್ನ ಅರ್ಥವನ್ನು ಬರೆದು ತೋರಿಸಿದಾಗ, ಸೇನಾ ಮುಖ್ಯಸ್ಥ ಸರ್ ಜಾನ್ ಫ್ರೆಂಚ್ ತಾನೂ ಹೀಗೆಯೇ ಓದುತ್ತೇನೆಂದು ಅದರ ಮೇಲೆ ಬರೆದು ಸಹಿ ಹಾಕಿದ. ಆಸ್ಕ್ವಿತ್ ಅದನ್ನು ತಳ್ಳಿಹಾಕಿದ. ಸೀಲಿ ಮತ್ತು ಫ್ರೆಂಚ್ ಇಬ್ಬರೂ ರಾಜೀನಾಮೆ ಕೊಟ್ಟರು. ಮಾರ್ಚ್ 30ರಿಂದ ಪ್ರಧಾನಿಯೇ ಯುದ್ಧ ಸಚಿವನ ಕೆಲಸವನ್ನೂ ಹೊತ್ತುಕೊಂಡ. ಇಷ್ಟರ ನಡುವೆ ಹೆನ್ರಿ ವಿಲ್ಸನ್ ಒಳಗಿನ ಸುದ್ದಿಯನ್ನೆಲ್ಲ ಬೋನರ್ ಲಾಗೆ ಮುಟ್ಟಿಸುತ್ತಿದ್ದ.

ಕೈಸರನ ಜೊತೆಗಿನ ಹೋಲಿಕೆ ಅರ್ಧ ಮಾತ್ರ ನಿಜವೆಂದದ್ದು ಇದಕ್ಕೇ. ಸೇನೆಗೆ ಆಜ್ಞೆ ಕೊಡುವ ಹಕ್ಕನ್ನು ಅರಸನಿಂದ ತೆಗೆದುಕೊಂಡವರು, ಅವನ ಹೆಸರಿಗೆ ಸಲ್ಲುತ್ತಿದ್ದ ನಿಷ್ಠೆಯನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಲಿಲ್ಲ. ಬಳಸಲು ಅದು ಅನುಕೂಲವಾಗಿತ್ತು.

ಸಂಶಯಿ

ಪ್ರಸಂಗವನ್ನು ಚೆನ್ನಾಗಿ ಹೇಳಿದ್ದೀರಿ, ತೀರ್ಮಾನವನ್ನು ನಾನು ಒಪ್ಪಲಾರೆ. ಗಫ್ ಮತ್ತು ಅವನ ಜೊತೆಗಾರರು ಅರಸನೋ ಪಾರ್ಲಿಮೆಂಟೋ ಎಂದು ತೂಗಿ ನೋಡಿದವರಲ್ಲ. ಅವರಲ್ಲಿ ಬಹಳಷ್ಟು ಜನ ಐರಿಷ್ ಜಮೀನುದಾರ ಕುಟುಂಬಗಳ ಮಕ್ಕಳು. ಗಫ್‌ನ ಮನೆತನವೂ ಅದೇ. ತಮ್ಮ ನೆಂಟರ ಮೇಲೆ ಗುಂಡು ಹಾರಿಸುವುದಿಲ್ಲ ಎಂಬುದಷ್ಟೇ ಅವರ ನಿಲುವು. ಅರಸನೇ ಖುದ್ದಾಗಿ ಹೇಳಿದ್ದರೂ ಅವರಲ್ಲಿ ಕೆಲವರು ಹೋಗುತ್ತಿರಲಿಲ್ಲ. ವರ್ಗದ ಪ್ರಶ್ನೆಯನ್ನು ಸಂವಿಧಾನದ ಪ್ರಶ್ನೆಯಾಗಿ ಓದುವುದು ಅವರಿಗೆ ಸಲ್ಲದ ಗೌರವ ಕೊಟ್ಟಂತೆ.

ಕಂಟೋನ್ಮೆಂಟಿನ ನೆರೆಯವ

ಒಂದು ಸಣ್ಣ ಸಂಗತಿ. ಗಫ್‌ನ ಬ್ರಿಗೇಡಿನಲ್ಲಿ 4ನೆಯ ಹುಸಾರ್ಸ್, 5ನೆಯ ಮತ್ತು 16ನೆಯ ಲ್ಯಾನ್ಸರ್ಸ್ ಇದ್ದವು. 4ನೆಯ ಹುಸಾರ್ಸ್ ಎಂದರೆ 1896ರಲ್ಲಿ ಬೆಂಗಳೂರಿಗೆ ಬಂದ ರೆಜಿಮೆಂಟು, ಚರ್ಚಿಲ್ ಅದರ ಎಳೆಯ ಅಧಿಕಾರಿಯಾಗಿ ಇಲ್ಲಿ ಪೋಲೊ ಆಡಿಕೊಂಡಿದ್ದ. 1914ರ ಮಾರ್ಚಿನಲ್ಲಿ ಅವನು ನೌಕಾ ಸಚಿವ, ಅಲ್ಸ್ಟರ್ ವಿಷಯದಲ್ಲಿ ಮಂತ್ರಿಮಂಡಲದ ಕಟುವಾದಿಗಳಲ್ಲಿ ಒಬ್ಬ. ಯುದ್ಧನೌಕೆಗಳನ್ನು ಆ ಕಡೆಗೆ ಹೊರಡಿಸಿದ್ದ. ಸಂಶಯಿ ಅವರು ಹೇಳುವ ವರ್ಗದ ವಾದಕ್ಕೆ ಇದು ಸ್ವಲ್ಪ ತೊಡಕು: ಅದೇ ಮೆಸ್ಸಿನಲ್ಲಿ ಉಂಡವರು ಎರಡೂ ಕಡೆ ಇದ್ದರು.

ನೇತ್ರಾವತಿ ತೀರ

ಇನ್ನೊಂದು ಎಳೆಯನ್ನು ಯಾರೂ ಮುಟ್ಟಲಿಲ್ಲ, ವಿದೇಶಿ ಅರಸರ ಗೌರವ ಹುದ್ದೆಗಳು. ಕೈಸರ್ ವಿಲ್‌ಹೆಲ್ಮ್ 1894ರಿಂದ ಬ್ರಿಟಿಷ್ ಸೇನೆಯ 1ನೆಯ ರಾಯಲ್ ಡ್ರಗೂನ್ಸ್‌ಗೆ ಗೌರವ ಕರ್ನಲ್, 1901ರಿಂದ ಬ್ರಿಟಿಷ್ ಫೀಲ್ಡ್ ಮಾರ್ಷಲ್. ರಷ್ಯಾದ ನಿಕೊಲಾಸ್ ಸ್ಕಾಟ್ಸ್ ಗ್ರೇಸ್‌ಗೆ, ಆಸ್ಟ್ರಿಯಾದ ಫ್ರಾನ್ಸ್ ಜೋಸೆಫ್ 1896ರಿಂದ 1ನೆಯ ಕಿಂಗ್ಸ್ ಡ್ರಗೂನ್ ಗಾರ್ಡ್ಸ್‌ಗೆ. ಈ ಕೊನೆಯ ರೆಜಿಮೆಂಟು ತನ್ನ ಟೋಪಿಯ ಬಿಲ್ಲೆಯಾಗಿ ಆಸ್ಟ್ರಿಯಾದ ಎರಡು ತಲೆಯ ಹದ್ದನ್ನೇ ಧರಿಸಿತು, ಮೆರವಣಿಗೆಗೆ ರಾಡೆಟ್‌ಸ್ಕಿ ಹೆಸರಿನ ಧಾಟಿಯನ್ನೇ ನುಡಿಸಿತು. 1910ರ ಮೇ ತಿಂಗಳಲ್ಲಿ ಎಡ್ವರ್ಡನ ಶವಯಾತ್ರೆಯಲ್ಲಿ ಕೈಸರ್ ಬಂದದ್ದು ಬ್ರಿಟಿಷ್ ಫೀಲ್ಡ್ ಮಾರ್ಷಲನ ಉಡುಪಿನಲ್ಲಿ.

ಸೇನೆ ಅರಸರ ಮನೆತನದ ಆಸ್ತಿ ಎಂಬ ಹಳೆಯ ಭಾವನೆ ಇನ್ನೂ ಎಷ್ಟು ಜೀವಂತವಾಗಿತ್ತೆಂದರೆ, ನೆಂಟರು ಒಬ್ಬರಿಗೊಬ್ಬರು ರೆಜಿಮೆಂಟುಗಳನ್ನು ಉಡುಗೊರೆ ಕೊಡುತ್ತಿದ್ದರು. ಪಾರ್ಲಿಮೆಂಟು ಇದನ್ನು ಆಟವೆಂದು ಬಿಟ್ಟಿತ್ತು. ಯುದ್ಧ ಬಂದಾಗ ಕೈಸರನ ಮತ್ತು ಫ್ರಾನ್ಸ್ ಜೋಸೆಫನ ಹೆಸರುಗಳನ್ನು ಪಟ್ಟಿಯಿಂದ ತೆಗೆದರು, ಹದ್ದಿನ ಬಿಲ್ಲೆಯನ್ನು ಬಿಚ್ಚಿಸಿದರು. ಬೆಳೆದುಬಂದ ಭಾವನೆಯನ್ನು ಅಷ್ಟು ಸುಲಭವಾಗಿ ಬಿಚ್ಚಿಸಲಾಗಲಿಲ್ಲ. ಜನರ ಅನುಮಾನ ತಣಿಯಲು ಅರಸ 1917ರಲ್ಲಿ ತನ್ನ ಮನೆತನದ ಜರ್ಮನ್ ಹೆಸರನ್ನೇ ಬಿಟ್ಟು ವಿಂಡ್ಸರ್ ಎಂದು ಬದಲಿಸಿಕೊಳ್ಳಬೇಕಾಯಿತು.

ಹಳೇಪೇಟೆ ಓದುಗ

ಸಂಶಯಿ ಅವರ ವರ್ಗದ ವಾದವನ್ನು ತಳ್ಳಿಹಾಕುವುದಿಲ್ಲ. ಆದರೆ ವರ್ಗದ ಸಿಟ್ಟು ಬಹಿರಂಗಕ್ಕೆ ಬರುವಾಗ ಯಾವ ಮಾತನ್ನು ಆಶ್ರಯಿಸಿತು ಎಂಬುದು ಬೇರೆ ಪ್ರಶ್ನೆ, ಮತ್ತು ಆ ಮಾತು ಅರಸನಿಗೆ ಸಲ್ಲಿಸುವ ನಿಷ್ಠೆಯದಾಗಿತ್ತು. ಎದುರಿನವರೂ ಹಾಗೆಯೇ ನೋಡಿದರು. ಜನರಿಂದ ಆಯ್ಕೆಯಾದ ಸಭೆ ದೊಡ್ಡದೋ, ಅರಸನ ಅಧಿಕಾರಿಗಳ ಮೆಸ್ಸು ದೊಡ್ಡದೋ ಎಂದು ಕಾರ್ಮಿಕ ಪಕ್ಷದವರೂ ಉದಾರವಾದಿಗಳಲ್ಲಿ ತೀವ್ರವಾದಿಗಳೂ ಕಾಮನ್ಸ್ ಸಭೆಯಲ್ಲಿ ಕೇಳಿದರು.

ನೀವು ಕೇಳಿದ್ದ ಆ ಒಂದು ಸಂಗತಿಯನ್ನು ಕೊಡಲು ಪ್ರಯತ್ನಿಸುತ್ತೇನೆ. ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟಿದ್ದ ಫ್ರೆಂಚ್ ಆಗಸ್ಟಿನಲ್ಲಿ ಫ್ರಾನ್ಸಿಗೆ ಹೊರಟ ಸೇನೆಯ ದಂಡನಾಯಕನಾದ. ಆಗಸ್ಟ್ 4ರ ರಾತ್ರಿ ಯುದ್ಧ ಘೋಷಣೆಗೆ ಒಪ್ಪಿಗೆ ಕೊಟ್ಟ ಪ್ರಿವಿ ಕೌನ್ಸಿಲಿನಲ್ಲಿ, ಅಂದರೆ ಅರಸನ ಸಲಹಾ ಮಂಡಳಿಯಲ್ಲಿ, ಇದ್ದವರು ಅರಸ, ಒಬ್ಬ ಸಚಿವ ಮತ್ತು ಅರಮನೆಯ ಇಬ್ಬರು ಅಧಿಕಾರಿಗಳು ಮಾತ್ರ. ತೀರ್ಮಾನ ಅಷ್ಟರಲ್ಲಿ ಬೇರೆ ಕಡೆ ಆಗಿತ್ತು. ಇಲ್ಲಿಯವರೆಗೆ ನಿಮ್ಮ ವಾದಕ್ಕೇ ಜಯ. ಆದರೆ ಒಂದು ವಾರದ ನಂತರ, ಆಗಸ್ಟ್ 11ರಂದು, ಅರಸ ಆಲ್ಡರ್‌ಶಾಟ್ ಶಿಬಿರಕ್ಕೆ ಹೋದಾಗ ಫ್ರೆಂಚ್ ಈ ಹೊಣೆಗೆ ತಕ್ಕವನೇ ಎಂಬ ತನ್ನ ಅನುಮಾನವನ್ನು ಹೇಗ್ ಅರಸನೆದುರಿಗೆ ಹೇಳಿದ. ಫ್ರೆಂಚ್ ಹೇಗ್‌ನ ಮೇಲಧಿಕಾರಿ. ಮೇಲಧಿಕಾರಿಯ ಮೇಲಿನ ದೂರನ್ನು ಸೇನಾ ಮಂಡಳಿಗೆ ಹೇಳಿದ್ದರೆ ಅದು ಶಿಸ್ತಿನ ಉಲ್ಲಂಘನೆಯಾಗುತ್ತಿತ್ತು. ಅರಸನಿಗೆ ಹೇಳಿದರೆ ನಿಷ್ಠೆ. 1915ರ ಅಕ್ಟೋಬರಿನಲ್ಲಿ ಅರಸ ಫ್ರಾನ್ಸಿಗೆ ಹೋಗಿ ಇನ್ನೂ ಹಲವು ಸೇನಾನಾಯಕರಿಂದ ಅಂಥದೇ ಮಾತು ಕೇಳಿಬಂದ (ಆ ಭೇಟಿಯಲ್ಲಿ ಹೇಗ್ ಕೊಟ್ಟ ಕುದುರೆಯಿಂದಲೇ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಎಂಬುದು ಬೇರೆ ಮಾತು). ಡಿಸೆಂಬರಿನಲ್ಲಿ ಫ್ರೆಂಚ್ ಕೆಳಗಿಳಿದ, ಹೇಗ್ ಅವನ ಜಾಗಕ್ಕೆ ಬಂದ.

ಫ್ರೆಂಚ್‌ನನ್ನು ತೆಗೆದವನು ಆಸ್ಕ್ವಿತ್, ಅರಸನಲ್ಲ. ಫ್ರಾನ್ಸಿನ ಲೂಸ್ ಕದನದಲ್ಲಿ ಮೀಸಲು ಪಡೆಗಳನ್ನು ತಡವಾಗಿ ಕಳುಹಿಸಿದ ಆರೋಪವೊಂದೇ ಸಾಕಾಗಿತ್ತು. ಅರಸನ ಮಾತು ಇಲ್ಲದಿದ್ದರೂ ಅವನು ಹೋಗುತ್ತಿದ್ದನೋ ಎಂಬುದರ ಬಗ್ಗೆ ನಾವಿಬ್ಬರೂ ಒಪ್ಪುವುದಿಲ್ಲವೆಂದು ತೋರುತ್ತದೆ. ಹಾಗಾದರೆ, ಅವನ ಜಾಗಕ್ಕೆ ಬೇರೆ ಯಾರೂ ಬರದೆ ಹೇಗ್ ಬಂದದ್ದಕ್ಕೆ ನಿಮ್ಮ ಕಾರಣವೇನು ಎಂದು ತಿಳಿಯಲು ಕಾದಿದ್ದೇನೆ.